ರಕ್ತ ರಕ್ತ ಅಂತ ಬಡ್ಕೋಬೇಡಿ, ಜೊತೆ ನೋಡಿ

ನಮಸ್ಕಾರ ಎಲ್ರಿಗೂ. ಹೋದ್ ವಿಡಿಯೋಗೆ ಒಬ್ರು ಕಮೆಂಟ್ ಹಾಕಿದ್ರು, "ಕೀನ್ಯಾದೋರಿಗೆ ಓಟ ರಕ್ತದಲ್ಲೇ ಬಂದಿರುತ್ತೆ ಗುರು, ನಮ್ ಕೈಲಾಗಲ್ಲ ಬಿಡು" ಅಂತ, ಅದಕ್ಕೆ ರಾಶಿ ಲೈಕ್ ಬೇರೆ. ಮೈಯೆಲ್ಲಾ ಉರಿದೋಯ್ತು.

ರಕ್ತ ಅಲ್ಲ ಸ್ವಾಮಿ, ಜೊತೆ! ಕೀನ್ಯಾದಲ್ಲಿ ಇಟೆನ್ ಅಂತ ಊರಿದೆ, ರಿಫ್ಟ್ ಕಣಿವೆ ಅಂಚಲ್ಲಿ, ಸುಮಾರು 2400 ಮೀಟರ್ ಎತ್ತರ, ಬೆಳಗಾದ್ರೆ ಕೆಮ್ಮಣ್ಣಿನ ರಸ್ತೇಲಿ ಗುಂಪುಗುಂಪಾಗಿ ಓಡ್ತಾರೆ, ದೊಡ್ ದೊಡ್ ರೇಸ್ ಗೆದ್ದೋರ ಬೆನ್ನಿಗೇ ಇನ್ನೂ ಏನೂ ಗೆಲ್ಲದ ಹುಡುಗ್ರು ಇರ್ತಾರೆ. ಅಲ್ಲಿನ ಸೇಂಟ್ ಪ್ಯಾಟ್ರಿಕ್ಸ್ ಸ್ಕೂಲಿಗೆ 1976ರಲ್ಲಿ ಐರ್ಲೆಂಡಿಂದ ಕಾಮ್ ಒಕಾನೆಲ್ ಅಂತ ಜಾಗ್ರಫಿ ಮೇಷ್ಟ್ರು ಬಂದ್ರು, ಕೋಚಿಂಗ್ ಗೀಚಿಂಗ್ ಏನೂ ಕಲ್ತೋರಲ್ಲ, ಮಕ್ಕಳ ಜೊತೆ ನಿಂತ್ರು. ಅದೇ ಸ್ಕೂಲಿನ ಪೀಟರ್ ರೋನೋ 1988ರ ಒಲಿಂಪಿಕ್ಸಲ್ಲಿ 1500 ಮೀಟರ್ ಚಿನ್ನ ಹೊಡೆದ.

"ಎತ್ತರ ಸಾರ್, ಆಕ್ಸಿಜನ್ ಕಮ್ಮಿ, ಕೆಂಪು ರಕ್ತಕಣ ಜಾಸ್ತಿ ಆಗುತ್ತೆ." ಆಗುತ್ತಪ್ಪ, ಯಾರಿಲ್ಲ ಅಂದ್ರು? ಹಂಗಾದ್ರೆ ನೇಪಾಳ, ಬೊಲಿವಿಯಾದೋರೆಲ್ಲ ಎಲ್ಲೋದ್ರು? "ಮೀನಖಂಡ ತೆಳು ಸಾರ್." ತೆಳು ಕಾಲಿನೋರು ನಮ್ ಬೀದೀಲೇ ಹತ್ ಜನ ಸಿಗ್ತಾರೆ. "ಉಗಾಲಿ ತಿಂತಾರೆ ಸಾರ್." ಅದು ಮೆಕ್ಕೆಜೋಳದ ಮುದ್ದೆ ಕಣ್ರೀ, ಮುದ್ದೆ ತಿಂದ್ರೆ ಮೆಡಲ್ ಬರೋದಾಗಿದ್ರೆ ಮಂಡ್ಯದಲ್ಲಿ ಇಡೋಕೆ ಜಾಗ ಇರ್ತಿರ್ಲಿಲ್ಲ!

ಇಥಿಯೋಪಿಯಾದ ಬೆಕೋಜಿ ನೋಡಿ, ಚಿಕ್ ಊರು. ಡೆರಾರ್ಟು ಟುಲು, ಕೆನೆನಿಸಾ ಬೆಕೆಲೆ, ತಿರುನೇಶ್ ದಿಬಾಬಾ, ಮೂರೂ ಒಲಿಂಪಿಕ್ ಚಾಂಪಿಯನ್ಸ್, ಎಲ್ಲಾ ಆ ಕಡೆಯೋರೇ. ಪಕ್ಕದ್ಮನೆ ಅಕ್ಕ ಚಿನ್ನ ತಂದ್ರೆ ಮಕ್ಳು ಸುಮ್ನೆ ಮನೇಲಿ ಕೂತಿರ್ತಾರಾ?

ಇನ್ನು ಕೀನ್ಯಾದ ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್ಚೋಗೆ ಅವ್ರನ್ನ ನೋಡಿ. 2019ರ ಅಕ್ಟೋಬರಲ್ಲಿ ವಿಯೆನ್ನಾದಲ್ಲಿ ಮ್ಯಾರಥಾನ್ ದೂರಾನ 1 ಗಂಟೆ 59 ನಿಮಿಷ 40 ಸೆಕೆಂಡಲ್ಲಿ ಓಡಿದ್ರಲ್ಲ, ಒಬ್ರೇ ಓಡಿದ್ರಾ? 41 ಜನ ಪೇಸರ್ಸ್, ಅಂದ್ರೆ ವೇಗ ಕಾಯ್ಕೊಂಡು ಜೊತೆಗೆ ಓಡೋರು, ಸರದಿ ಮೇಲೆ ಸುತ್ತ ಓಡ್ತಾ ಗಾಳಿ ತಡೆದ್ರು! ಅಷ್ಟು ದೊಡ್ಡೋರಾದ್ಮೇಲೂ ಕೀನ್ಯಾದ ಕಪ್ಟಗಾಟ್ ಟ್ರೈನಿಂಗ್ ಕ್ಯಾಂಪಲ್ಲಿ ಎಲ್ಲರ ಜೊತೆ ಇದ್ದು, ಸರದಿ ಬಂದಾಗ ಟಾಯ್ಲೆಟ್ ತೊಳೀತಿದ್ರು ಆ ಮನುಷ್ಯ. ಇದು ಜೀನಾ? ಹೇಳಿ, ಟಾಯ್ಲೆಟ್ ತೊಳೆಯೋ ಜೀನ್ ಯಾವ್ದು?

"ರಿಸರ್ಚ್ ಓದಿ ಬ್ರೋ" ಅಂತ ಈಗ್ಲೇ ಟೈಪ್ ಮಾಡ್ತಿರೋರೇ, ಫೋನ್ ಕೆಳಗಿಡಿ, ಶೂ ಹಾಕಿ. ಜೊತೆ ಬೇಕು. ಜೊತೆ! ಎಷ್ಟ್ ಸಲ ಹೇಳ್ಲಿ? ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ಆ ಕಮೆಂಟ್ ಹಾಕ್ದೋರೂ ಮಾಡಿ. ಭಾನುವಾರ ಬೆಳಗ್ಗೆ ಐದೂವರೆಗೆ ಕಬ್ಬನ್ ಪಾರ್ಕಲ್ಲಿ ನಾವು ಎಂಟ್ ಜನ ಇರ್ತೀವಿ, ನಿಧಾನಕ್ಕೇ ಓಡೋದು, ಬನ್ನಿ.