ಮೊದಲು ಕೋಷ್ಟಕ, ಆಮೇಲೆ ನಕ್ಷೆ

ನಮಸ್ಕಾರ. ಇತಿಹಾಸ, ಮಾನವಶಾಸ್ತ್ರದ ವಿದ್ಯಾರ್ಥಿಗಳಿಗೆ ಡಿಜಿಟಲ್ ಕೌಶಲವನ್ನು ಹೇಗೆ ಕಲಿಸಬೇಕು ಎನ್ನುವುದು ಇವತ್ತಿನ ಮಾತು. ಒಂದು ಲೆಕ್ಕದಿಂದಲೇ ಶುರು ಮಾಡೋಣ. ಶಾಸನದಲ್ಲಿರುವ ಶಕವರ್ಷಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ. ಉಳಿದ ಶೇಷವೇ ಸಂವತ್ಸರದ ಕ್ರಮಸಂಖ್ಯೆ (ಸೊನ್ನೆ ಉಳಿದರೆ ಅರವತ್ತನೆಯದು). ಶಕ 1043 ಆದರೆ ಮೊತ್ತ 1055, ಶೇಷ 35. ಪ್ರಭವದಿಂದ ಎಣಿಸುತ್ತಾ ಬನ್ನಿ, ಮೂವತ್ತೈದನೆಯದು ಪ್ಲವ. ಕಲ್ಲಿನ ಮೇಲೂ ಪ್ಲವ ಅಂತಲೇ ಇದ್ದರೆ ಅದು ಗತವರ್ಷದ ಎಣಿಕೆ, ಅಂದರೆ ಮುಗಿದ ವರ್ಷಗಳನ್ನು ಮಾತ್ರ ಎಣಿಸಿದ್ದು. 78 ಕೂಡಿಸಿದರೆ ಕ್ರಿ.ಶ. 1121. ತಿಥಿ ಜನವರಿಯಿಂದ ಯುಗಾದಿಯ ಒಳಗೆ ಬಿದ್ದರೆ 79 ಕೂಡಿಸಬೇಕು. ಕಲ್ಲಿನ ಮೇಲೆ ಪ್ಲವಕ್ಕಿಂತ ಒಂದು ಹಿಂದಿನ ಶಾರ್ವರಿ ಇದ್ದರೆ ಬರೆಸಿದವರು ವರ್ತಮಾನ ವರ್ಷ, ಅಂದರೆ ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸಿದ್ದಾರೆ, ಇಸವಿಯಲ್ಲಿ ಒಂದು ಕಳೆಯಿರಿ. ಎರಡೂ ಹೊಂದದಿದ್ದರೆ ಓದು ತಪ್ಪಿರಬಹುದು, ಕಾಲ ತಪ್ಪಿರಬಹುದು, ಶಾಸನವೇ ಕೂಟಶಾಸನ, ಅಂದರೆ ಖೋಟಾ ಇರಬಹುದು. ಹತ್ತನೆಯ ಶತಮಾನದಿಂದ ಈಚಿನ ದಾಖಲೆಗಳಿಗೆ ಈ ಲೆಕ್ಕ ಹಿಡಿಸುತ್ತದೆ.

ಸ್ಪ್ರೆಡ್‌ಶೀಟ್‌ನ ಒಂದು ಕೋಶದಲ್ಲಿ ಈ ಸೂತ್ರ ಬರೆದು ಕೆಳಕ್ಕೆ ಎಳೆದರೆ ಇನ್ನೂರು ಶಾಸನಗಳ ಕಾಲವನ್ನು ಒಂದೇ ಏಟಿಗೆ ಪರೀಕ್ಷಿಸಬಹುದು. ಇತಿಹಾಸದ ವಿದ್ಯಾರ್ಥಿಗೆ ಕಲಿಸಬೇಕಾದ ಡಿಜಿಟಲ್ ಕೌಶಲ ಇಂಥದ್ದು. ನಮ್ಮಲ್ಲಿ ಕಲಿಸಿದ್ದು ಬೇರೆ. 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ ಕರ್ನಾಟಕದ ಪದವಿ ತರಗತಿಗಳಿಗೆ ಡಿಜಿಟಲ್ ಫ್ಲುಯೆನ್ಸಿ ಎಂಬ ಪತ್ರಿಕೆ ಬಂತು. ಕೃತಕ ಬುದ್ಧಿಮತ್ತೆ, ಕ್ಲೌಡ್, ಸೈಬರ್ ಭದ್ರತೆ, ಹೀಗೆ ಬಿ.ಎ.ದವರಿಗೂ ಬಿ.ಕಾಂ.ದವರಿಗೂ ಒಂದೇ ಪಾಠ. ಕೌಶಲವನ್ನು ವಿಷಯದಿಂದ ಬಿಡಿಸಿ ಪ್ರತ್ಯೇಕ ಪತ್ರಿಕೆ ಮಾಡಿದರೆ ಅದು ವಿಷಯಕ್ಕೆ ಮರಳಿ ಬರುವುದೇ ಇಲ್ಲ. ಶಾಸನದ ಪಾಠದ ಒಳಗೇ, ಕ್ಷೇತ್ರಕಾರ್ಯದ ಪಾಠದ ಒಳಗೇ ಅದು ಇರಬೇಕು ಎನ್ನುವುದು ನನ್ನ ವಾದ. ಕಲಿಸುವ ಮೊದಲ ಸಾಧನ ನಕ್ಷೆಯೂ ಅಲ್ಲ, ಎಐಯೂ ಅಲ್ಲ, ಕೋಷ್ಟಕ.

ಒಂದು ನಿಜವಾದ ಕೆಲಸ ಇಟ್ಟುಕೊಳ್ಳೋಣ. ಬಿ.ಎಲ್. ರೈಸ್ ಅವರ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ, ಕೋಲಾರ ಜಿಲ್ಲೆ. ವೀರಗಲ್ಲುಗಳು ಹೇರಳವಾಗಿವೆ. ಒಬ್ಬ ವಿದ್ಯಾರ್ಥಿಗೆ ಇಪ್ಪತ್ತು ಶಾಸನ, ನಾಲ್ಕು ವಾರ. ಕಾಲಂಗಳು ಇಷ್ಟು: ಗುರುತಿನ ಸಂಖ್ಯೆ, ತಾಲ್ಲೂಕು, ಸಂಪುಟದ ಶಾಸನ ಸಂಖ್ಯೆ, ಮುದ್ರಿತ ಊರ ಹೆಸರು, ಇಂದಿನ ಹೆಸರು, ಅಕ್ಷಾಂಶ, ರೇಖಾಂಶ, ಶಾಸನ ಹೇಳುವ ಕಾಲ, ಆರಂಭದ ಇಸವಿ, ಕೊನೆಯ ಇಸವಿ, ಸತ್ತ ಕಾರಣ, ಮೂಲಪಾಠ, ಹುಡುಕುವ ಪಾಠ, ಟಿಪ್ಪಣಿ, ನಮೂದಿಸಿದವರು. ಮೂಲದಲ್ಲಿ ಇದ್ದದ್ದು ಒಂದು ಕಾಲಂ, ನಾವು ಅರ್ಥಮಾಡಿಕೊಂಡದ್ದು ಇನ್ನೊಂದು ಕಾಲಂ. ಮೊದಲನೆಯದನ್ನು ಯಾರೂ ತಿದ್ದುವಂತಿಲ್ಲ. ಈ ಒಂದು ಶಿಸ್ತು ಬಂದರೆ ಅರ್ಧ ಕೋರ್ಸು ಮುಗಿದಂತೆ.

ಇಸವಿಗೆ ಎರಡು ಕಾಲಂ ಏಕೆ? ಎಷ್ಟೋ ಕಲ್ಲುಗಳ ಮೇಲೆ ವರ್ಷವೇ ಇರುವುದಿಲ್ಲ, ಲಿಪಿ ನೋಡಿ "ಸುಮಾರು 900" ಎಂದು ಸಂಪಾದಕರು ಹಾಕಿರುತ್ತಾರೆ. ಅದನ್ನು 900 ಅಂತ ಒಂದೇ ಅಂಕಿಯಾಗಿ ತುಂಬಿಸಿದರೆ, ಗ್ರಾಫಿನಲ್ಲಿ 900ನೆಯ ಇಸವಿಯಲ್ಲಿ ದೊಡ್ಡ ಯುದ್ಧವೇ ನಡೆದಂತೆ ಗೋಪುರ ಏಳುತ್ತದೆ. 875, 925 ಅಂತ ಎರಡು ಅಂಕಿ ಕೊಟ್ಟರೆ ನಮ್ಮ ಅನಿಶ್ಚಯವೂ ದತ್ತಾಂಶದ ಭಾಗವಾಗುತ್ತದೆ. ಸಂವತ್ಸರ ಮಾತ್ರ ಇದ್ದು ಶಕವರ್ಷ ಇಲ್ಲದಿದ್ದರೆ ಅರವತ್ತು ವರ್ಷಕ್ಕೊಂದರಂತೆ ಹಲವು ಸಾಧ್ಯತೆಗಳು. ಯಾವುದನ್ನು ಆರಿಸಿದಿರಿ, ಏಕೆ ಅನ್ನುವುದಕ್ಕೆ ಟಿಪ್ಪಣಿಯ ಕಾಲಂ ಬೇಕು. ಎಕ್ಸೆಲ್‌ನದು ಇನ್ನೊಂದು ಕಾಟ. 1900ಕ್ಕಿಂತ ಹಿಂದಿನ ತಾರೀಖನ್ನು ಅದು ತಾರೀಖು ಅಂತ ಒಪ್ಪುವುದೇ ಇಲ್ಲ. ಸಂಪುಟ, ಸಂಖ್ಯೆ ಸೇರಿಸಿ 10-12 ಅಂತ ಬರೆದರೆ ಅದನ್ನೇ ತಾರೀಖು ಮಾಡಿಬಿಡುತ್ತದೆ! ನಮೂದು ಶುರು ಮಾಡುವ ಮೊದಲೇ ಆ ಕಾಲಂ ಅನ್ನು ಪಠ್ಯ ಎಂದು ಗೊತ್ತುಮಾಡಬೇಕು. ಆಮೇಲೆ ಮಾಡಿದರೆ ಹೋದದ್ದು ಹೋಯಿತು.

ಈಗ ಕನ್ನಡಕ್ಕೇ ಬರುವ ತೊಂದರೆಗಳು. ಇವನ್ನು ಇಂಗ್ಲಿಷಿನ ಕೈಪಿಡಿಗಳಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತುವುದು: "ಬೆ0ಗಳೂರು". ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತು: "ಕಾಯ೯". ಓದುವ ಕಣ್ಣಿಗೆ ಸರಿ, ಹುಡುಕುವ ಯಂತ್ರಕ್ಕೆ ಬೇರೆಯೇ ಪದ. ಇನ್ನು ಒತ್ವ. ೊ ಅನ್ನುವುದು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರುತ್ತದೆ, ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳಾಗಿಯೂ ಬರುತ್ತದೆ. ತೆರೆಯ ಮೇಲೆ ಒಂದೇ ಥರ ಕಾಣುವ "ಕೊಂದು" ಎಣಿಕೆಯಲ್ಲಿ ಎರಡಾಗುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಕೂಡಿದ ಒಂದೇ ಚಿಹ್ನೆಯ ರೂಪಕ್ಕೆ ತರುವ ಒಂದು ಸಾಲು ಸಾಕು, ಸರಿಹೋಗುತ್ತದೆ. ಇಲಾಖೆಯ ಹಳೆಯ ಕಡತಗಳು ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟುಗಳಲ್ಲಿದ್ದರೆ ಪರಿವರ್ತಕದಿಂದ ಬದಲಾಯಿಸಿ, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಹಳಗನ್ನಡದ ಅಕ್ಷರಗಳಾದ ಱ ಮತ್ತು ೞ. ಶಾಸನದಲ್ಲಿ ದನಕ್ಕೆ "ತುಱು" ಎಂದು ಇರುತ್ತದೆ, ವಿದ್ಯಾರ್ಥಿ "ತುರು" ಎಂದು ಟೈಪ್ ಮಾಡುತ್ತಾರೆ. ದನ ಬಿಡಿಸಿಕೊಳ್ಳುವಾಗ ಸತ್ತವರನ್ನೆಲ್ಲ ಹುಡುಕಿದರೆ ಅರ್ಧ ಜನ ಕಾಣೆ. ಎರಡೂ ಅಕ್ಷರಗಳು ಯೂನಿಕೋಡ್‌ನಲ್ಲಿವೆ, ಕೀಲಿಮಣೆಯಲ್ಲಿ ಎಲ್ಲಿವೆ ಎಂದು ಮೊದಲ ದಿನವೇ ತೋರಿಸಿ. ಮೂಲಪಾಠದಲ್ಲಿ ತುಱು, ಹುಡುಕುವ ಕಾಲಂನಲ್ಲಿ ತುರು.

ಮುದ್ರಿತ ಪುಟದ ಚಿತ್ರವನ್ನು ಪಠ್ಯವಾಗಿಸುವ ಓಸಿಆರ್ ಬಳಸಬಹುದು. ಟೆಸೆರಾಕ್ಟ್ ಎಂಬ ತಂತ್ರಾಂಶ ಉಚಿತ, ಅದಕ್ಕೆ ಕನ್ನಡ ಬರುತ್ತದೆ. ಪುಟವನ್ನು 300 ಡಿಪಿಐಗೆ ಕಡಿಮೆ ಇಲ್ಲದಂತೆ ಸ್ಕ್ಯಾನ್ ಮಾಡಿ. ಆದರೂ ದ-ಧ, ಡ-ಢ, ಪ-ಫ ಅದಲುಬದಲಾಗುತ್ತವೆ, ಹೊಟ್ಟೆ ಸೀಳಿದ ಒಂದು ಸಣ್ಣ ಗೀಟಷ್ಟೇ ತಾನೇ ವ್ಯತ್ಯಾಸ. ಎಐ ವಿಷಯದಲ್ಲಿ ನನ್ನ ನಿಲುವು ಗಟ್ಟಿ: ಒಡೆದ ಕಲ್ಲಿನ ಪಾಠವನ್ನು ಅದಕ್ಕೆ ಕೊಟ್ಟರೆ ಚುಕ್ಕಿ ಚುಕ್ಕಿ ಇದ್ದ ಜಾಗವನ್ನು ಸೊಗಸಾಗಿ ತುಂಬಿಸಿಬಿಡಬಲ್ಲದು. ಆ ಖಾಲಿ ಜಾಗವೂ ಒಂದು ಸಾಕ್ಷ್ಯ. ಅದನ್ನು ಅಳಿಸುವುದು ಕಲ್ಲಿನ ಮೇಲೆ ಉಳಿ ಹಿಡಿದಂತೆ.

ಮಾನವಶಾಸ್ತ್ರದವರಿಗೆ ಎರಡು ಮಾತು. ಸಂದರ್ಶನವನ್ನು 48 ಕಿಲೋಹರ್ಟ್ಸ್, 24 ಬಿಟ್ ವೇವ್ ಕಡತವಾಗಿ ಧ್ವನಿಮುದ್ರಿಸಿದರೆ ಒಂದೇ ಚಾನೆಲ್‌ನಲ್ಲಿ ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ, ಹೊರಡುವ ಮೊದಲು ಫೋನಿನಲ್ಲಿ ಜಾಗ ನೋಡಿಕೊಳ್ಳಿ. ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಹಾಗೇ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಲಗತ್ತಿಸಿ. ಮಾತಾಡಿದವರ ಒಪ್ಪಿಗೆ ಕಡತದ ಮೊದಲ ನಿಮಿಷದಲ್ಲೇ ಅವರ ದನಿಯಲ್ಲಿ ಇರಲಿ.

ನಕ್ಷೆ ಕೊನೆಯ ವಾರಕ್ಕೆ. ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್ ಉಚಿತ. ಅದರಲ್ಲಿ ಎಕ್ಸ್ ಅಂದರೆ ರೇಖಾಂಶ, ವೈ ಅಂದರೆ ಅಕ್ಷಾಂಶ. ತಿರುಗುಮುರುಗು ಮಾಡಿದರೆ ಕೋಲಾರದ ವೀರಗಲ್ಲುಗಳೆಲ್ಲ ಉತ್ತರ ಧ್ರುವದ ಕಡೆ, ಸ್ವಾಲ್‌ಬಾರ್ಡ್ ದ್ವೀಪಗಳ ಸುತ್ತ ಹೋಗಿ ಕೂರುತ್ತವೆ. ಇದು ಕಣ್ಣಿಗೆ ಬೀಳುವ ತಪ್ಪು, ಹಾಗಾಗಿ ಒಳ್ಳೆಯ ತಪ್ಪು. ಕಾಣದ ತಪ್ಪು ಯಾವುದೆಂದರೆ, ನಮ್ಮಲ್ಲಿ ಹೊಸಹಳ್ಳಿಗಳಿಗೆ ಬರವಿಲ್ಲ; ಹೆಸರು ಕೊಟ್ಟು ಸ್ಥಳ ಹುಡುಕಿಸಿದರೆ ಯಾವುದೋ ಹೊಸಹಳ್ಳಿಗೆ ಚುಕ್ಕಿ ಬೀಳುತ್ತದೆ. ರೈಸ್ ಕಾಲದ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿವೆ. ಇಂದಿನ ಕೋಲಾರದೊಳಗೆ ಮಾತ್ರ ಹುಡುಕಿದರೆ ಅವು ಸಿಗುವುದಿಲ್ಲ.

ಅಂಕ ಹೇಗೆ ಕೊಡಬೇಕು? ಚಂದದ ನಕ್ಷೆಗೆ ಹತ್ತರಲ್ಲಿ ಎರಡು, ಅದಕ್ಕಿಂತ ಹೆಚ್ಚು ಬೇಡ. ಐದು ಶಾಸನಗಳನ್ನು ಇಬ್ಬರು ವಿದ್ಯಾರ್ಥಿಗಳು ಒಬ್ಬರದನ್ನೊಬ್ಬರು ನೋಡದೆ ನಮೂದಿಸಲಿ. ಎರಡು ಹಾಳೆಗಳನ್ನು ಪಕ್ಕ ಪಕ್ಕ ಇಡಿ. ಸತ್ತ ಕಾರಣದ ಕಾಲಂನಲ್ಲಿ ಒಬ್ಬರು ಗೋಗ್ರಹಣ (ದನ ಹಿಡಿದೊಯ್ದದ್ದು) ಎಂದಿರುತ್ತಾರೆ, ಇನ್ನೊಬ್ಬರು ಊರಳಿವು (ಊರು ಹಾಳಾದದ್ದು) ಎಂದಿರುತ್ತಾರೆ. ಕಲ್ಲು ಎರಡನ್ನೂ ಹೇಳುತ್ತಿರುತ್ತದೆ. ಇಬ್ಬರೂ ಕೂತು ವಾದಿಸಿ, ನಿಯಮವೊಂದನ್ನು ಬರೆದು, ಹಾಳೆಯ ಮೊದಲ ಪುಟಕ್ಕೆ ಅಂಟಿಸಲಿ. ಉಳಿದ ಎಂಟು ಅಂಕ ಆ ಪುಟಕ್ಕೆ.