ಎಡಗಡೆ ಬಾಗಿಲಿನಿಂದಲೇ ಇಳಿಯಲಿ

ಕೇಳುಗರಿಗೆ ನಮಸ್ಕಾರ. ಒಂದೇ ಬಡಾವಣೆಯ ಮೂರ್ನಾಲ್ಕು ಮನೆಯವರು ಸೇರಿ, ಸರದಿ ಹಾಕಿಕೊಂಡು, ಎಲ್ಲರ ಮಕ್ಕಳನ್ನೂ ಒಂದೇ ಕಾರಿನಲ್ಲಿ ಶಾಲೆಗೆ ಬಿಟ್ಟು ಕರೆತರುವುದು ಬೆಂಗಳೂರಿನಲ್ಲಿ ಈಗ ಮಾಮೂಲು. ರೆಸಿಡೆನ್ಸಿ ರಸ್ತೆ, ರಿಚ್‌ಮಂಡ್ ರಸ್ತೆಯ ಕಡೆ ಬೆಳಿಗ್ಗೆ ಎಂಟರ ಹೊತ್ತಿಗೆ ಮಗುವಿಗೊಂದು ಕಾರಿನಂತೆ ಸಾಲುಗಟ್ಟಿ ನಿಂತದ್ದನ್ನು ನೋಡಿದವರಿಗೆ ಈ ಏರ್ಪಾಡಿನ ಬೆಲೆ ಗೊತ್ತು.

ಇದರಲ್ಲಿ ಎಲ್ಲರಿಗೂ ಇರುವ ಚಿಂತೆ, ಪಕ್ಕದ ಮನೆಯವರು ಗಾಡಿ ಹೇಗೆ ಓಡಿಸುತ್ತಾರೋ ಎಂಬುದು. ನನಗಂತೂ ಹೆಚ್ಚು ಭಯ ಗಾಡಿ ನಿಂತ ಮೇಲೆ, ಶಾಲೆಯ ಗೇಟಿನ ಹತ್ತಿರ ಬಾಗಿಲು ತೆರೆದು ಮುಚ್ಚುವ ಆ ಅರ್ಧ ನಿಮಿಷದ್ದು.

ನಮ್ಮಲ್ಲಿ ವಾಹನ ಎಡಕ್ಕೆ. ಫುಟ್‌ಪಾತ್ ಸಿಗುವುದೂ ಎಡಕ್ಕೇ. ಬಲಗಡೆಯ ಬಾಗಿಲು ತೆರೆದರೆ ಮಗು ಇಳಿಯುವುದು ಸ್ಕೂಟರುಗಳು ನುಗ್ಗಿ ಬರುವ ದಾರಿಗೆ. ಹಾಗಾಗಿ ಎಲ್ಲ ಮಕ್ಕಳೂ ಸರಿದು ಸರಿದು ಎಡಗಡೆಯಿಂದಲೇ ಇಳಿಯಬೇಕು. ಹೇಳಿದರೆ ಕೇಳುತ್ತಾರೆಯೇ? ಬೆಲ್ ಹೊಡೆಯುವ ಹೊತ್ತಿಗೆ ಯಾರು ಕೇಳುತ್ತಾರೆ! ಅದಕ್ಕೇ ಚೈಲ್ಡ್ ಲಾಕ್ ಇರುವುದು. ಹಿಂಬಾಗಿಲನ್ನು ಪೂರ್ತಿ ತೆರೆದು ಅದರ ಅಂಚು ನೋಡಿ. ಲಾಕಿನ ಹತ್ತಿರ, ಉಗುರಿನಲ್ಲಿ ಸರಿಸುವಂಥ ಪುಟ್ಟ ಗುಂಡಿ ಇರುತ್ತದೆ. ಕೆಲವು ಕಾರುಗಳಲ್ಲಿ ಕೀ ತೂರಿಸಿ ತಿರುಗಿಸಬೇಕು. ಬಲಬಾಗಿಲಿಗೆ ಅದನ್ನು ಹಾಕಿಟ್ಟರೆ ಒಳಗಿನಿಂದ ಎಷ್ಟು ಎಳೆದರೂ ತೆರೆಯುವುದಿಲ್ಲ. ಎಲ್‌ಕೆಜಿ, ಯುಕೆಜಿ ಮಕ್ಕಳಿದ್ದರೆ ಎರಡೂ ಕಡೆ ಹಾಕಿ, ನೀವೇ ಇಳಿದು ಬಂದು ಬಾಗಿಲು ತೆಗೆಯಿರಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆದುಕೊಳ್ಳಲಿ.

ಬ್ಯಾಗುಗಳನ್ನು ಡಿಕ್ಕಿಗೆ ಹಾಕಬೇಡಿ. ಅದನ್ನು ತೆಗೆದುಕೊಳ್ಳಲು ಮಕ್ಕಳು ಕಾರಿನ ಹಿಂದೆ ಹೋಗಿ ನಿಲ್ಲುತ್ತಾರೆ. ಚಿಕ್ಕವರಾದರೆ ಕನ್ನಡಿಯಲ್ಲಿ ತಲೆಯೂ ಕಾಣುವುದಿಲ್ಲ.

ಕರೆತರುವುದು ಇನ್ನೂ ಕಷ್ಟ. ಬೆಳಿಗ್ಗೆ ತೂಕಡಿಸುತ್ತ ಇಳಿದ ಮಗು, ಶಾಲೆ ಬಿಟ್ಟಾಗ ಬಿಟ್ಟ ಬಾಣ. ರಸ್ತೆಯ ಆಚೆ ಕಾರು ನಿಲ್ಲಿಸಿ "ಪುಟ್ಟಾ, ಇಲ್ಲಿದೀನಿ, ಬಾ" ಅಂತ ಕೈಬೀಸುವವರನ್ನು ದಿನವೂ ಕಾಣುತ್ತೇವೆ. ಆ ಮಗುವಿಗೆ ಕಾಣುವುದು ಬೀಸುವ ಕೈ ಮಾತ್ರ, ನಡುವಿನ ರಸ್ತೆಯಲ್ಲ. ನೀವೇ ಗೇಟಿನ ಬಳಿಗೆ ಹೋಗಿ, ಕೈ ಹಿಡಿದು ದಾಟಿಸಿ. ಇವತ್ತು ಬರುವವರು ಯಾರೆಂದು ಮಗುವಿಗೆ ಬೆಳಿಗ್ಗೆಯೇ ಹೇಳಿರಿ. ಸರದಿ ಬದಲಾದರೆ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ ಸುಮ್ಮನಾಗದೆ ಶಾಲೆಗೂ ಒಂದು ಫೋನ್ ಮಾಡಿ. ಇಳಿಸಿ ಮುಗಿದ ಮೇಲೆ ಹಿಂದಿನ ಸೀಟಿನತ್ತ ಒಮ್ಮೆ ತಿರುಗಿ ನೋಡಿ, ಯಾರಾದರೂ ಮಲಗಿಬಿಟ್ಟಿದ್ದಾರೋ ಎಂದು. ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಕಾವು ಏರಬಲ್ಲದು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, 14 ವರ್ಷದೊಳಗಿನ ಮಗು ಸೀಟ್ ಬೆಲ್ಟ್ ಇಲ್ಲವೇ ಮಕ್ಕಳ ಸೀಟು ಇಲ್ಲದೆ ಕಾರಿನಲ್ಲಿದ್ದರೆ 1,000 ರೂಪಾಯಿ ದಂಡ. ಎಂದರೆ ಎಷ್ಟು ಬೆಲ್ಟೋ ಅಷ್ಟೇ ಮಕ್ಕಳು. "ಇನ್ನೊಂದು ಮಗು ತಾನೇ, ತೊಡೆ ಮೇಲೆ ಕೂರಲಿ ಬಿಡಿ" ಎನ್ನುವ ಔದಾರ್ಯ ಇಲ್ಲಿ ಬೇಡ. ಪಿಯುಸಿ ಓದುವ ಅಣ್ಣನ ಕೈಗೆ ಸ್ಟಿಯರಿಂಗ್ ಕೊಡುವ ಮನೆಗಳೂ ಇವೆ. ಅವನಿಗೆ 18 ತುಂಬಿರದಿದ್ದರೆ, ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಪೆಟ್ರೋಲ್ ಖರ್ಚು ಹಂಚಿಕೊಳ್ಳುವುದರ ಬದಲು ತಿಂಗಳಿಗಿಷ್ಟು ಎಂದು ದುಡ್ಡು ವಸೂಲಿ ಮಾಡತೊಡಗಿದರೆ ಅದು ಬಾಡಿಗೆಯಾಯಿತು. ವೈಟ್ ಬೋರ್ಡ್ ಕಾರಿಗೆ ಅದು ಸಲ್ಲದು, ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ.

ಇದೆಲ್ಲಕ್ಕಿಂತ ಕಷ್ಟವಾದದ್ದು, ಎದುರುಮನೆಯವರಿಗೆ "ಗಾಡಿ ಓಡಿಸುವಾಗ ಮೊಬೈಲ್ ಮುಟ್ಟಬೇಡಿ" ಎಂದು ಹೇಳುವುದು. ಮುಖಕ್ಕೆ ಮುಖ ಕೊಟ್ಟು ಬಾಳುವ ಜನ ನಾವು, ದಾಕ್ಷಿಣ್ಯ ಅಡ್ಡ ಬರುತ್ತದೆ. ಹಾಗಾಗಿ ಶಾಲೆ ಶುರುವಾಗುವ ಮೊದಲೇ ಒಂದು ಸಂಜೆ ಎಲ್ಲರನ್ನೂ ಕಾಫಿಗೆ ಕರೆಯಿರಿ. ಬಿಡುವ ಜಾಗ, ಸರದಿ, ಮೊಬೈಲ್ ಎಲ್ಲವನ್ನೂ ಅಲ್ಲೇ ಮಾತಾಡಿ ಮುಗಿಸಿ. ಲೈಸೆನ್ಸ್, ವಿಮೆಯ ಕಾಗದ ತೋರಿಸಿ ಎಂದು ಕೇಳಲು ಸಂಕೋಚವಾದರೆ, ಮೊದಲು ನಿಮ್ಮದನ್ನು ಟೀಪಾಯಿಯ ಮೇಲಿಡಿ. ನಮಸ್ಕಾರ.