ತಿದ್ದುವ ಕೆಲಸ ಮಕ್ಕಳಿಗೂ ಇರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳು ಪ್ರಬಂಧ ಬರೆಯುತ್ತಾರೆ. ಟೀಚರು ಆ ನೋಟ್‌ಬುಕ್ಕಿನ ರಾಶಿಯನ್ನು ಮನೆಗೆ ಹೊತ್ತುಕೊಂಡು ಹೋಗಿ, ರಾತ್ರಿ ಊಟ ಆದಮೇಲೆ ಕೂತು, ಕೆಂಪು ಶಾಯಿಯಲ್ಲಿ ತಿದ್ದಿ, ಮೂರ್ನಾಲ್ಕು ದಿನ ಬಿಟ್ಟು ವಾಪಸ್ ಕೊಡುತ್ತಾರೆ. ಮಗು ಅಂಕ ಎಷ್ಟು ಬಂತು ಅಂತ ನೋಡುತ್ತದೆ, ಪುಸ್ತಕ ಮುಚ್ಚಿಡುತ್ತದೆ. ಅಲ್ಲಿಗೆ ಮುಗಿಯಿತು. ಬರೆಯುವುದರಲ್ಲಿ ಎಷ್ಟು ಕಲಿಕೆ ಇದೆಯೋ ತಿದ್ದುವುದರಲ್ಲೂ ಅಷ್ಟೇ ಇದೆ, ಅಲ್ವಾ? ಆದರೆ ಆ ಕೆಲಸವನ್ನು ಮಾತ್ರ ನಾವು ಮಕ್ಕಳಿಗೆ ಕೊಡುವುದೇ ಇಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನಾಲ್ಕು ಜನ ಸೇರಿ ಒಂದೇ ಪುಟದಲ್ಲಿ ಕೆಲಸ ಮಾಡುವಂಥ ಆನ್‌ಲೈನ್ ಸಾಧನಗಳು ನನಗೆ ಬೇಕಾಗಿದ್ದೇ ಈ ಕಾರಣಕ್ಕೆ. ಇವತ್ತು ಅಂಥ ಎರಡರ ಬಗ್ಗೆ ಹೇಳುತ್ತೇನೆ.

ಮೊದಲನೆಯದು ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿರುವ ಗೂಗಲ್ ಡಾಕ್ಸ್. ಒಂದು ಪುಟಕ್ಕೆ ಒಟ್ಟಿಗೆ 100 ಜನರವರೆಗೆ ಬಂದು ತಿದ್ದಬಹುದು. ತರಗತಿಗೆ ಅದು ಬೇಡ, ನಾಲ್ಕು ಮಕ್ಕಳು ಸಾಕು. ಅದಕ್ಕಿಂತ ಜಾಸ್ತಿ ಆದರೆ ಇಬ್ಬರು ಬರೆಯುತ್ತಾರೆ, ಉಳಿದವರು ಸುಮ್ನೆ ನೋಡುತ್ತಾರೆ. ಇನ್ನೊಂದು ನಿಯಮ ನನ್ನದು: ಬೇರೆಯವರ ವಾಕ್ಯವನ್ನು ಯಾರೂ ಅಳಿಸುವಂತಿಲ್ಲ. ಪಕ್ಕದಲ್ಲಿ ಕಾಮೆಂಟ್ ಹಾಕಬಹುದು, ಅಥವಾ ಸಲಹೆ ಕೊಡುವ ಆಯ್ಕೆ ಇದೆಯಲ್ಲ, ಅದರಲ್ಲಿ ತಿದ್ದಬಹುದು. ಒಪ್ಪಿಕೊಳ್ಳುವುದು ಬಿಡುವುದು ಬರೆದವರ ಇಷ್ಟ.

ಊರ ಸಂತೆ ಬಗ್ಗೆ ಒಂದು ಗುಂಪು ಬರೆಯುತ್ತಿತ್ತು. "ಸಂತೆಯಲ್ಲಿ ತುಂಬಾ ಜನ ಇದ್ದರು" ಅಂತ ಒಬ್ಬ ಬರೆದ. ತರಗತಿಯಲ್ಲಿ ಬಾಯಿಬಿಟ್ಟು ಮಾತಾಡದ ಹುಡುಗಿಯೊಬ್ಬಳು ಪಕ್ಕದಲ್ಲಿ ಕಾಮೆಂಟ್ ಹಾಕಿದಳು: "ಯಾರು ಇದ್ರು? ಏನು ಮಾರ್ತಿದ್ರು?" ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ ಬರೆದ: "ಕೊತ್ತಂಬರಿ ಕಟ್ಟು ಜೋಡಿಸಿಕೊಂಡು ಕೂತ ಅಜ್ಜಿ ಪಕ್ಕದಲ್ಲೇ ದನದ ಹಗ್ಗ ಮಾರುವವನು ಕೂಗುತ್ತಿದ್ದ." ನಾನು ಕೆಂಪು ಶಾಯಿಯಲ್ಲಿ "ವಿವರಿಸಿ ಬರೆಯಿರಿ" ಅಂತ ವರ್ಷಗಟ್ಟಲೆ ಬರೆದರೂ ಬರದ ವಾಕ್ಯ ಅದು. ಗೆಳತಿಯ ಪ್ರಶ್ನೆಯಲ್ಲಿ ನಿಜವಾದ ಕುತೂಹಲ ಇತ್ತು, ಅದಕ್ಕೆ ಬಂತು.

ಆಮೇಲೆ ವರ್ಷನ್ ಹಿಸ್ಟರಿ ಅಂತ ಒಂದಿದೆ. ಪುಟ ಹೇಗೆ ಬೆಳೆಯಿತು, ಯಾರು ಯಾವಾಗ ಏನು ಸೇರಿಸಿದರು ಅನ್ನುವುದೆಲ್ಲ ಅಲ್ಲಿ ಉಳಿದಿರುತ್ತದೆ. ಕೆಲವರು ಇದನ್ನು ಕೆಲಸ ಮಾಡದವರನ್ನು ಹಿಡಿಯಲು ಬಳಸುತ್ತಾರೆ. ನನಗೆ ಅದು ಇಷ್ಟವಿಲ್ಲ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನೋಡು, ಮೊದಲು ಹೀಗೆ ಬರೆದಿದ್ದೆ, ಆಮೇಲೆ ಹೀಗೆ ಮಾಡಿದೆ, ಯಾಕೆ?" ಅಂತ ಕೇಳಿ. ಆ ಮಾತುಕತೆಗೆ ಅದು ಬೇಕು.

ಒಂದು ಎಚ್ಚರಿಕೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳೆಲ್ಲ ಕಲಸಿಕೊಂಡು ಏನೂ ಓದಲಿಕ್ಕಾಗುವುದಿಲ್ಲ. ಎಲ್ಲರೂ ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಕಂಪ್ಯೂಟರು, ಫೋನುಗಳಲ್ಲೂ ಒಂದೇ ರೀತಿ ಓದಬಹುದಾದ ಅಕ್ಷರ ವ್ಯವಸ್ಥೆಯಲ್ಲೇ ಬರೆಯಬೇಕು.

ಈಗ ಎರಡನೆಯದು, ನನಗೆ ಹೆಚ್ಚು ಪ್ರೀತಿಯದು. ಕನ್ನಡ ವಿಕಿಸೋರ್ಸ್. ವಿಕಿಪೀಡಿಯ ಎಲ್ಲರಿಗೂ ಗೊತ್ತು, ವಿಕಿಸೋರ್ಸ್ ಅದೇ ಬಳಗದ ಪುಸ್ತಕ ಭಂಡಾರ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳು, ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟ ಪುಸ್ತಕಗಳು ಅಲ್ಲಿ ಸಿಗುತ್ತವೆ. ಪುಸ್ತಕದ ಸ್ಕ್ಯಾನ್ ಚಿತ್ರ ಒಂದು ಪಕ್ಕ, ಅದರ ಪಠ್ಯ ಇನ್ನೊಂದು ಪಕ್ಕ. ಕಂಪ್ಯೂಟರು ಚಿತ್ರ ನೋಡಿ ಅಕ್ಷರಗಳನ್ನು ಗುರುತಿಸಿ ಪಠ್ಯ ಮಾಡಿಕೊಡುತ್ತದೆ, ಆದರೆ ತಪ್ಪು ಮಾಡುತ್ತದೆ. ಅದನ್ನು ತಿದ್ದುವವರು ಬೇಕು. ಯಾರು ಬೇಕಾದರೂ ಆಗಬಹುದು.

ಆ ತಪ್ಪುಗಳಲ್ಲೇ ಪಾಠ ಇದೆ ನೋಡಿ. ಹಳೆಯ ಅಚ್ಚು, ಮಾಸಿದ ಹಾಳೆ. "ಧರ್ಮ" ಅನ್ನುವಲ್ಲಿ ಅರ್ಕಾವತ್ತನ್ನು ಕಂಪ್ಯೂಟರು ಕನ್ನಡದ ಒಂಬತ್ತು ಅಂತ ಓದಿಬಿಡುತ್ತದೆ. ಅನುಸ್ವಾರ ಸೊನ್ನೆ ಆಗುತ್ತದೆ. ವ ಇದ್ದದ್ದು ಪ ಆಗುತ್ತದೆ, ಒತ್ತಕ್ಷರ ಮಾಯವಾಗುತ್ತದೆ. ಇದನ್ನು ಹಿಡಿಯಬೇಕಾದರೆ ಮಗು ಪ್ರತಿ ಅಕ್ಷರವನ್ನೂ ನೋಡಲೇಬೇಕು. "ಒತ್ತಕ್ಷರ ಸರಿಯಾಗಿ ಬರೀರಿ" ಅಂತ ಗಂಟಲು ಹರಿದುಕೊಳ್ಳುತ್ತೇವಲ್ಲ, ಇಲ್ಲಿ ಬೇರೆಯವರ ಒತ್ತಕ್ಷರ ತಿದ್ದುತ್ತಾ ತಿದ್ದುತ್ತಾ ಅವರದ್ದೇ ಕಣ್ಣು ಚುರುಕಾಗುತ್ತದೆ.

ಇದರ ಜೊತೆ ಒಂದು ಒಳ್ಳೆಯ ವ್ಯವಸ್ಥೆ ಇದೆ. ಯಾರೂ ತಿದ್ದದ ಪುಟಕ್ಕೆ ಕೆಂಪು ಬಣ್ಣ. ಒಬ್ಬರು ಪೂರ್ತಿ ಓದಿ ತಿದ್ದಿದರೆ ಹಳದಿ. ಇನ್ನೊಬ್ಬರು ಮತ್ತೊಮ್ಮೆ ಓದಿ ಸರಿ ಇದೆ ಅಂದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ಆಗುವುದಿಲ್ಲ, ಬೇರೆಯವರು ಬೇಕೇ ಬೇಕು. ಹಾಗಾಗಿ ಇಬ್ಬಿಬ್ಬರು ಮಕ್ಕಳನ್ನು ಜೋಡಿ ಮಾಡಿದರೆ ಆಯಿತು. ತನ್ನ ಪುಟ ಹಸಿರಾಗಬೇಕು ಅಂತ ಒಬ್ಬಳು ಕಾಯುತ್ತಾಳೆ, ಗೆಳೆಯ ಒಂದು ದೀರ್ಘ ಬಿಟ್ಟುಹೋದದ್ದನ್ನು ತೋರಿಸುತ್ತಾನೆ, ಇಬ್ಬರೂ ಸೇರಿ ಮತ್ತೆ ಚಿತ್ರ ನೋಡುತ್ತಾರೆ. ಅಂಕದ ಮಾತೇ ಅಲ್ಲಿ ಬರುವುದಿಲ್ಲ.

ಜಗಳವೂ ಆಗುತ್ತದೆ, ಒಳ್ಳೆಯ ಜಗಳ. ಹಳೆಯ ಪುಸ್ತಕದಲ್ಲಿ "ಯೆಲ್ಲಾ" ಅಂತ ಅಚ್ಚಾಗಿದ್ದರೆ "ಎಲ್ಲಾ" ಅಂತ ತಿದ್ದಬೇಕೋ ಬೇಡವೋ? ಬೇಡ. ಮೂಲದಲ್ಲಿ ಹೇಗಿದೆಯೋ ಹಾಗೇ ಉಳಿಸಬೇಕು. "ಹಾಗಾದ್ರೆ ಆಗ ಅದು ತಪ್ಪಾಗಿರ್ಲಿಲ್ವಾ ಮಿಸ್?" ಅಂತ ಕೇಳುತ್ತಾರೆ. ಕಾಗುಣಿತವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ ಅನ್ನುವುದನ್ನು ಹತ್ತನೇ ತರಗತಿಯ ಮಗುವಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ನನಗೆ ಸಿಕ್ಕಿಲ್ಲ.

ಯಾವ ಪುಸ್ತಕ ಹಾಕಬಹುದು, ಯಾವುದು ಹಾಕಬಾರದು ಅನ್ನುವುದೂ ಅವರಿಗೆ ಗೊತ್ತಾಗಬೇಕು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಹಾಗಾಗಿ ಅವರ ಬರಹ 1998ರಿಂದ ಎಲ್ಲರದ್ದು. ಕುವೆಂಪು ಹೋದದ್ದು 1994ರಲ್ಲಿ, ಅವರದ್ದಕ್ಕೆ 2054 ಮುಗಿಯುವವರೆಗೆ ಕಾಯಬೇಕು. ಮಕ್ಕಳು ಈ ಲೆಕ್ಕವನ್ನು ಬೇಗ ಕಲಿಯುತ್ತಾರೆ, ಆಮೇಲೆ ಸಿಕ್ಕಸಿಕ್ಕ ಪಿಡಿಎಫ್ ಹಂಚುವಾಗಲೂ ಒಂದು ಕ್ಷಣ ಯೋಚಿಸುತ್ತಾರೆ.

ಕರ್ನಾಟಕದ ಶಿಕ್ಷಕರಿಗೆ ಇದು ಹೊಸ ದಾರಿಯೇನಲ್ಲ. ಕೋಯರ್ ಅಂತ ಕರೆಯುತ್ತೇವಲ್ಲ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು, ಅದು ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರೂ ಸೇರಿ ಬರೆದು ಬೆಳೆಸಿದ ವಿಕಿ. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದಲ್ಲೇ ಅದೂ ನಡೆಯುತ್ತದೆ. ನಾವು ಮಾಡಿದ್ದನ್ನು ಮಕ್ಕಳ ಕೈಗೂ ಕೊಡೋಣ ಅನ್ನುವುದಷ್ಟೇ ನನ್ನ ಮಾತು.

ಶುರು ಮಾಡುವವರಿಗೆ ಕೆಲವು ವಿಷಯ ಹೇಳಲೇಬೇಕು. ಒಂದೇ ಇಂಟರ್ನೆಟ್ ಸಂಪರ್ಕದಿಂದ ದಿನಕ್ಕೆ ಆರು ವಿಕಿ ಖಾತೆ ಮಾತ್ರ ತೆರೆಯಲು ಆಗುತ್ತದೆ. ಶಾಲೆಯ ಲ್ಯಾಬಿನಲ್ಲಿ ಇಡೀ ತರಗತಿಯನ್ನು ಕೂರಿಸಿ ಶುರು ಮಾಡಿದರೆ ಏಳನೇ ಮಗುವಿಗೆ ಖಾತೆ ಸಿಗುವುದಿಲ್ಲ. ಒಂದಿಷ್ಟು ದಿನ ಮೊದಲೇ ಸ್ವಲ್ಪ ಸ್ವಲ್ಪವಾಗಿ ತೆರೆಸಿ, ಇಲ್ಲವೇ ವಿಕಿ ಸಮುದಾಯದವರ ಸಹಾಯ ಕೇಳಿ. ಖಾತೆಗೆ ಇಮೇಲ್ ಕಡ್ಡಾಯವಲ್ಲ. ಮಗುವಿನ ನಿಜವಾದ ಹೆಸರು, ಶಾಲೆಯ ಹೆಸರು ಖಾತೆಯಲ್ಲಿ ಇರಲೇಬಾರದು, ಅದು ಜಗತ್ತಿಗೆಲ್ಲ ಕಾಣುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಲಿಂಕ್ ಸಿಕ್ಕವರೆಲ್ಲ ತಿದ್ದಬಹುದು ಅನ್ನುವ ಆಯ್ಕೆ ಇಡಬೇಡಿ. ಆ ಲಿಂಕು ಒಂದು ವಾಟ್ಸಾಪ್ ಗುಂಪಿಗೆ ಹೋದರೆ ಆಯಿತು, ಎಲ್ಲಿಗೆ ಮುಟ್ಟುತ್ತದೋ ಹೇಳಲಾಗದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳು ಅಂತಲೇ ಪರಿಗಣಿಸುತ್ತದೆ, ಹಾಗಾಗಿ ಅಪ್ಪ-ಅಮ್ಮನ ಒಪ್ಪಿಗೆಯನ್ನು ಮೊದಲೇ ಬರವಣಿಗೆಯಲ್ಲಿ ತೆಗೆದುಕೊಂಡುಬಿಡಿ.

ಎಲ್ಲ ಮಕ್ಕಳ ಮನೆಯಲ್ಲೂ ಫೋನ್ ಇರುವುದಿಲ್ಲ, ಇದ್ದರೂ ಅಪ್ಪನ ಕೈಯಲ್ಲಿರುತ್ತದೆ. ಅದಕ್ಕೇ ಈ ಕೆಲಸವನ್ನು ಹೋಂವರ್ಕ್ ಆಗಿ ಕೊಡಬೇಡಿ, ಶಾಲೆಯ ಹೊತ್ತಿನಲ್ಲೇ ಮಾಡಿಸಿ. ಲ್ಯಾಬಿನಲ್ಲಿ ಕರೆಂಟು ಹೋದರೆ ಸ್ಕ್ಯಾನ್ ಪುಟವನ್ನೂ ಅದರ ಪಠ್ಯವನ್ನೂ ಮೊದಲೇ ಪ್ರಿಂಟ್ ಮಾಡಿಟ್ಟುಕೊಂಡಿದ್ದರೆ ಪೆನ್ಸಿಲಿನಲ್ಲೇ ತಿದ್ದಿಸಬಹುದು, ಕರೆಂಟು ಬಂದಮೇಲೆ ಅದನ್ನು ನೋಡಿಕೊಂಡು ಸೇರಿಸಿದರಾಯಿತು. ಒಂದು ಪೀರಿಯಡ್ಡಿಗೆ ಒಂದು ಜೋಡಿಗೆ ಒಂದು ಪುಟ ಸಾಕು.